ತೊಳೆಯುವ ಮುನ್ನ ಒಮ್ಮೆ ನೋಡಿ

ಬೆಂಗಳೂರಿನ ಶಿವಾಜಿನಗರದ ಒಂದು ಗುಜರಿ ಅಂಗಡಿಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ನಿಮ್ಮ ಕಾಲ ಬಳಿ ಎರಡು ಹಳೆಯ ಎಂಜಿನ್ನುಗಳಿವೆ. ಎರಡೂ ಮಾರುತಿ ಜಿಪ್ಸಿಯವೇ. ಒಂದನ್ನು ತೊಳೆದು, ಒರೆಸಿ, ಮೇಲೆ ಬೆಳ್ಳಿ ಬಣ್ಣ ಹೊಡೆದಿದ್ದಾರೆ. ಇನ್ನೊಂದರ ಮೈ ಕಾಣುವುದೇ ಇಲ್ಲ. ಎಣ್ಣೆಯೂ ಮಣ್ಣೂ ಸೇರಿ ಬೆರಳು ದಪ್ಪ ಜಿಡ್ಡು ಕಟ್ಟಿದೆ. ಬೆಲೆ ಎರಡಕ್ಕೂ ಒಂದೇ. ನೀವು ಯಾವುದನ್ನು ತರುತ್ತೀರಿ?

ನಾನಾದರೆ ಜಿಡ್ಡು ಹಿಡಿದದ್ದನ್ನೇ ತರುತ್ತೇನೆ. ಇವತ್ತು ಅದರ ಕಾರಣವನ್ನೇ ಹೇಳುತ್ತೇನೆ.

ನನ್ನ ಗ್ಯಾರೇಜು ಸಕಲೇಶಪುರದಲ್ಲಿದೆ. ನಮ್ಮ ಕಡೆ ತೋಟದ ದಾರಿಗಳಲ್ಲಿ ಜಿಪ್ಸಿಯನ್ನು ಕಾಣದವರಿಲ್ಲ. 1985ರಲ್ಲಿ ಬಂದ ಗಾಡಿ ಅದು. ಆಗ ಅದರ ಎಂಜಿನ್ ಒಂದು ಸಾವಿರ ಸಿಸಿಗೂ ತುಸು ಕಡಿಮೆ. 1996ರಲ್ಲಿ ಸುಮಾರು 1300 ಸಿಸಿಯದು ಬಂತು. 2000ದ ಹೊತ್ತಿಗೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು. ಶಕ್ತಿ 60ರಿಂದ 80 ಅಶ್ವಶಕ್ತಿಗೆ ಏರಿತು. ಈಗ ಜಿಪ್ಸಿಯ ತಯಾರಿಕೆ ನಿಂತುಹೋಗಿದೆ. ಆದರೂ ಗಾಡಿಗಳು ಓಡುತ್ತಲೇ ಇವೆ. ಚಾಸಿ ಗಟ್ಟಿ ಇರುತ್ತದೆ, ಗೇರ್‌ಬಾಕ್ಸ್ ಚೆನ್ನಾಗಿರುತ್ತದೆ, ಎಂಜಿನ್ ಮಾತ್ರ ಕೈಕೊಡುತ್ತದೆ. ಆಗ ಇನ್ನೊಂದು ಜಿಪ್ಸಿಯ ಎಂಜಿನ್ ತಂದು ಕೂರಿಸುವುದೇ ದಾರಿ.

ಮೂಡಿಗೆರೆ ಕಡೆಯ ಒಬ್ಬ ಗೌಡರಿಗೆ ಹೀಗೇ ಆಯಿತು. ಘಾಟಿ ಹತ್ತುವಾಗ ರೇಡಿಯೇಟರಿನ ಹೋಸ್ ಒಡೆಯಿತು. ನೀರೆಲ್ಲ ಹೋಯಿತು. ಮನೆ ಇನ್ನೇನು ಬಂತು ಎಂದು ಅವರು ಗಾಡಿ ನಿಲ್ಲಿಸಲಿಲ್ಲ. ನಾಲ್ಕೈದು ಕಿಲೋಮೀಟರಿನೊಳಗೆ ಎಂಜಿನ್ ಕಚ್ಚಿಕೊಂಡಿತು. ಪಿಸ್ಟನ್ ಬೋರಿನ ಗೋಡೆಗೆ ಅಂಟಿ ನಿಂತುಬಿಟ್ಟಿತು. ಅವರಿಗಾಗಿ ಇನ್ನೊಂದು ಎಂಜಿನ್ ಹುಡುಕಲು ಹೋದಾಗಲೇ ನಾನು ಆರಂಭದಲ್ಲಿ ಹೇಳಿದ ಆ ಎರಡು ಎಂಜಿನ್ನುಗಳ ಮುಂದೆ ನಿಂತದ್ದು.

ನನಗೆ ಕೆಲಸ ಕಲಿಸಿದ ಉಸ್ತಾದ್ ಒಂದು ಮಾತು ಹೇಳುತ್ತಿದ್ದರು. "ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ನೀರು ಕಣೋ." ಹುಡುಗರಾಗಿದ್ದ ನಮಗೆ ಎಂಜಿನ್ ಬಂದ ಕೂಡಲೇ ತೊಳೆಯುವ ಆಸೆ. ಅವರು ಪೈಪ್ ಮುಟ್ಟಲು ಬಿಡುತ್ತಿರಲಿಲ್ಲ. ಎಂಜಿನ್ನಿನ ಕೊಳೆ ಅದರ ಜಾತಕ ಇದ್ದಂತೆ. ಎಲ್ಲಿ ಸೋರಿದೆ, ಎಲ್ಲಿ ಕಾದಿದೆ, ಯಾರು ಹೇಗೆ ಓಡಿಸಿದ್ದಾರೆ ಎಲ್ಲವೂ ಅದರಲ್ಲಿದೆ. ನೀರು ಬಿಟ್ಟರೆ ಜಾತಕವೇ ಹರಿದುಹೋಗುತ್ತದೆ. ಬೆಳ್ಳಿ ಬಣ್ಣದ ಎಂಜಿನ್ನನ್ನು ನಾನು ಬಿಟ್ಟುಬಂದದ್ದು ಅದಕ್ಕೆ.

ಹಾಗಾದರೆ ಮೊದಲು ನೋಡಬೇಕಾದದ್ದು ಯಾವುದು? ಎಂಜಿನ್ ನಂಬರು. ಬ್ಲಾಕಿನ ಮೇಲೆ ಅದನ್ನು ಗುದ್ದಿರುತ್ತಾರೆ. ಆ ಜಾಗವನ್ನಷ್ಟೇ ಬಟ್ಟೆಯಿಂದ ಒರೆಸಿ ಓದಿ. ಅಂಕಿ ಉಜ್ಜಿಹೋಗಿದ್ದರೆ, ತಿದ್ದಿದಂತೆ ಕಂಡರೆ, ಆ ಎಂಜಿನ್ ಎಷ್ಟೇ ಅಗ್ಗವಾದರೂ ಬೇಡ. ನಿಮ್ಮ ಗಾಡಿಯ ಆರ್‌ಸಿಯಲ್ಲಿ ಎಂಜಿನ್ ನಂಬರು ದಾಖಲಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಗಾಡಿಯ ಮೂಲ ರೂಪವನ್ನು ನಮ್ಮಿಷ್ಟದಂತೆ ಬದಲಿಸುವಂತಿಲ್ಲ. ಅದೇ ಕಂಪನಿಯ, ಅದೇ ಬಗೆಯ ಎಂಜಿನ್ ಆದರೂ ಆರ್‌ಟಿಓ ಕಚೇರಿಯ ಒಪ್ಪಿಗೆ ಪಡೆದು, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಗುಜರಿಯವರಿಂದ ಬಿಲ್ಲು ಕೇಳಿ. ಎಂಜಿನ್ ಯಾವ ಗಾಡಿಯದೋ ಅದರ ಕಾಗದದ ನಕಲು ಕೇಳಿ. ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ನಂಬರು ಓದಿದ್ದಾಯಿತು. ಇನ್ನು ಜಿಡ್ಡನ್ನು ಓದೋಣ. ಒಣಗಿದ ಜಿಡ್ಡು ಹಳೆಯದು. ಹಸಿ ಜಿಡ್ಡು ಎಂಜಿನ್ ಓಡುತ್ತಿದ್ದ ಕೊನೆಯ ದಿನಗಳದು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಹಿಂದಕ್ಕೆ ಹಾರುತ್ತದೆ. ಹಾಗಾಗಿ ಹಸಿ ಜಿಡ್ಡು ಎಲ್ಲಿ ಹೆಚ್ಚಿದೆ ಎಂದು ನೋಡಿದರೆ ಸಾಲದು. ಅದು ಎಲ್ಲಿಂದ ಶುರುವಾಗಿದೆ ಎಂದು ನೋಡಬೇಕು. ಮೇಲ್ತುದಿ ಟ್ಯಾಪೆಟ್ ಕವರಿನ ಅಂಚಿನಲ್ಲಿದ್ದರೆ ಚಿಂತೆ ಇಲ್ಲ, ಒಂದು ಪ್ಯಾಕಿಂಗ್ ಬದಲಿಸಿದರೆ ಮುಗಿಯಿತು. ಹೆಡ್ಡೂ ಬ್ಲಾಕೂ ಕೂಡುವ ಗೆರೆಯಲ್ಲಿದ್ದರೆ ಹೆಡ್ ಇಳಿಸಲೇಬೇಕು.

ಆಮೇಲೆ ಎಣ್ಣೆ ಸುರಿಯುವ ಮುಚ್ಚಳ ತಿರುಗಿಸಿ ತೆಗೆಯಿರಿ. ಅದರ ಒಳಮೈಯಲ್ಲಿ ಬೆಣ್ಣೆಯಂಥ ಬಿಳಿ ಪದಾರ್ಥ ಇದೆಯೇ? ಇದ್ದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಅಲ್ಲಿಗೇ ಗಾಬರಿಯಾಗಬೇಡಿ. ನಮ್ಮ ಮಲೆನಾಡಿನ ಚಳಿ, ಮಳೆಯಲ್ಲಿ ದಿನಕ್ಕೆ ಒಂದೆರಡು ಕಿಲೋಮೀಟರು ಮಾತ್ರ ಓಡುವ ಗಾಡಿಗೆ ಮುಚ್ಚಳದ ಕೆಳಗೆ ಈ ಬೆಣ್ಣೆ ಕಟ್ಟುವುದುಂಟು. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರುವುದಿಲ್ಲ, ಅಷ್ಟೆ. ಆದರೆ ಕೆಳಗಿನ ಎಣ್ಣೆ ಚೇಂಬರಿನ ನಟ್ಟು ಬಿಚ್ಚಿದಾಗಲೂ ಹಾಲು ಬೆರೆಸಿದ ಕಾಫಿಯ ಬಣ್ಣದ ಎಣ್ಣೆಯೇ ಬಂದರೆ ಅದು ಬೇರೆ ಮಾತು. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಬಹುದು.

ಆ ಎಣ್ಣೆಯನ್ನು ಚೆಲ್ಲಬೇಡಿ. ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯ ಮೇಲೆ ಮಿನುಗುವ ಪುಡಿ ಉಳಿದರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ; ಎಲ್ಲೋ ಉಕ್ಕಿನ ಭಾಗ ಸವೆಯುತ್ತಿದೆ. ಅಂಟದಿದ್ದರೆ ಬೇರಿಂಗಿನದೋ ಪಿಸ್ಟನ್ನಿನದೋ ಲೋಹ ಇರಬಹುದು. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೂ ಈ ಕೆಲಸಕ್ಕೆ ಸಾಕು.

ಇದುವರೆಗೆ ಹೊರಗಿನ ಜಿಡ್ಡು, ಮುಚ್ಚಳ, ಎಣ್ಣೆ ನೋಡಿದೆವು. ಇನ್ನೂ ಒಂದು ಹನಿ ನೀರು ಬಿಟ್ಟಿಲ್ಲ. ಈಗ ಸ್ಪಾರ್ಕ್ ಪ್ಲಗ್ಗುಗಳಿಗೆ ಬರೋಣ. ಈ ಎಂಜಿನ್ನಿಗೆ ನಾಲ್ಕು. ಬಿಚ್ಚಿದ ಪ್ಲಗ್ಗುಗಳನ್ನು ಒಂದೇ ಡಬ್ಬಿಗೆ ಹಾಕಬೇಡಿ. ಒಂದು ರಟ್ಟಿಗೆ ನಾಲ್ಕು ತೂತು ಮಾಡಿ, ಒಂದರಿಂದ ನಾಲ್ಕರವರೆಗೆ ಅಂಕಿ ಬರೆದು, ಅದೇ ಕ್ರಮದಲ್ಲಿ ಸಿಕ್ಕಿಸಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಆ ಸಿಲಿಂಡರು ಸುಖವಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿತ್ತು. ಹಸಿ ಎಣ್ಣೆಯ ಮಸಿ ಇದ್ದರೆ ರಿಂಗಿನ ಕಡೆಯಿಂದಲೋ ವಾಲ್ವ್ ಸೀಲಿನ ಕಡೆಯಿಂದಲೋ ಎಣ್ಣೆ ಬರುತ್ತಿತ್ತು.

ಮುಂದೆ ಹೊರಮೈ ತೊಳೆದು ಹೆಡ್ ಇಳಿಸಿದಾಗ ಪಿಸ್ಟನ್ನಿನ ನೆತ್ತಿ ನೋಡಿ. ಅಲ್ಲಿ ಕಪ್ಪು ಕಾರ್ಬನ್ ಕಟ್ಟಿರುತ್ತದೆ. ಮೂರು ಪಿಸ್ಟನ್ ಕಪ್ಪಗಿದ್ದು ಒಂದು ಮಾತ್ರ ಉಜ್ಜಿ ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ. ಆ ಸಿಲಿಂಡರಿಗೆ ನೀರು ನುಗ್ಗುತ್ತಿತ್ತು. ನೀರು ಆವಿಯಾಗಿ ಕಾರ್ಬನ್ನನ್ನು ತೊಳೆದುಕೊಂಡು ಹೋಗಿದೆ. ಆ ಸ್ವಚ್ಛತೆಯೇ ರೋಗದ ಗುರುತು. ಎಂಜಿನ್ನನ್ನು ಮೊದಲೇ ಬಿಚ್ಚಿ ನಾಲ್ಕನ್ನೂ ಬೆಳಗಿ ಇಟ್ಟಿದ್ದರೆ ಇದು ನಮಗೆ ತಿಳಿಯುವುದು ಹೇಗೆ? ಗೌಡರಿಗೆ ತಂದ ಎಂಜಿನ್ನಿನಲ್ಲಿ ಮೂರನೆಯ ಪಿಸ್ಟನ್ ಹೀಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಗ್ಯಾಸ್ಕೆಟ್ಟಿನ ಅಂಚು ಒಂದು ಕಡ್ಡಿಯಷ್ಟು ಅಗಲ ಸುಟ್ಟುಹೋಗಿತ್ತು. ಕಾರಣ ಕೈಗೆ ಸಿಕ್ಕಿತು. ಕೆಲಸ ಅರ್ಧ ಮುಗಿದಂತೆ.

ಹೆಡ್ ಇಳಿಸುವ ಮುಂಚೆ ಮಾಡಬೇಕಾದ ಒಂದು ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಗೇರ್‌ಬಾಕ್ಸ್ ಜೋಡಿಸಿ, ಸ್ಟಾರ್ಟರಿಗೆ ಬ್ಯಾಟರಿ ಕೊಟ್ಟು, ಪ್ಲಗ್ಗಿನ ತೂತಿಗೆ ಕಂಪ್ರೆಶನ್ ಗೇಜ್ ಹಿಡಿಯುವುದು. ಒಳ್ಳೆಯ ಎಂಜಿನ್ ಬಿಸಿಯಿದ್ದಾಗ ಚದರ ಸೆಂಟಿಮೀಟರಿಗೆ ಸುಮಾರು 14 ಕಿಲೋ ಒತ್ತಡ ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಬಿಚ್ಚಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಅಂಕಿ ಸ್ವಲ್ಪ ಕಡಿಮೆ ಬರಬಹುದು. ಆದರೂ ನಾಲ್ಕು ಸಿಲಿಂಡರುಗಳ ನಡುವೆ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ತೊಂದರೆ ರಿಂಗಿನದು. ಏರದಿದ್ದರೆ ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು.

ಇಷ್ಟು ಕಣ್ಣಿನ ಕೆಲಸ. ಉಸ್ತಾದರ ಮಾತಿನಲ್ಲಿ ಮೊದಲನೆಯದು ಮುಗಿಯಿತು. ಇನ್ನು ಕೈ ಮತ್ತು ನೀರು.

ಹೊರಮೈ ತೊಳೆಯುವುದು ಹೆಡ್ ಇಳಿಸುವ ಮೊದಲೇ ಆಗಬೇಕು. ಇಲ್ಲದಿದ್ದರೆ ಹೊರಗಿನ ಮಣ್ಣೆಲ್ಲ ಒಳಕ್ಕೆ ಉದುರುತ್ತದೆ. ಗಾಳಿ ಹೋಗುವ ದಾರಿ, ಹೊಗೆ ಬರುವ ದಾರಿ, ನೀರಿನ ದಾರಿ, ಎಲ್ಲವನ್ನೂ ಮುಚ್ಚಿ. ಹೆಚ್ಚಿನವರು ಬಟ್ಟೆ ತುರುಕುತ್ತಾರೆ. ನಾನು ಬೇಡ ಎನ್ನುತ್ತೇನೆ. ಬಟ್ಟೆ ಒಳಗೆ ಸರಿದರೆ ಮರೆತುಹೋಗುತ್ತದೆ. ಮರದ ಬಿರಡೆ ಮಾಡಿಸಿ, ಅಥವಾ ಗಟ್ಟಿ ಪ್ಲಾಸ್ಟಿಕ್ ಕಟ್ಟಿ. ಸೆನ್ಸರು, ಕಾಯಿಲ್, ವೈರಿಂಗ್ ಬಿಚ್ಚಿ ಬೇರೆ ಇಡಿ. ದಪ್ಪ ಜಿಡ್ಡನ್ನು ಮರದ ಚಕ್ಕೆಯಿಂದ ಕೆರೆದು, ಉಳಿದದ್ದಕ್ಕೆ ಡೀಸೆಲ್ಲನ್ನೋ ಸೀಮೆಎಣ್ಣೆಯನ್ನೋ ಬ್ರಶ್ಶಿನಲ್ಲಿ ಹಚ್ಚಿ ನೆನೆಯಲು ಬಿಡಿ. ಪೆಟ್ರೋಲಿನಲ್ಲಿ ಎಂದೂ ತೊಳೆಯಬೇಡಿ. ಅದರ ಆವಿಗೆ ಒಂದು ಕಿಡಿ ಸಾಕು. ಕೆಳಗೆ ಅಗಲವಾದ ಟ್ರೇ ಇಡಿ. ಅದರಲ್ಲಿ ಸೇರಿದ್ದನ್ನು ಏನು ಮಾಡಬೇಕು ಎಂದು ಕೊನೆಯಲ್ಲಿ ಹೇಳುತ್ತೇನೆ.

ಇನ್ನು ಬಿಚ್ಚಿದ ಭಾಗಗಳನ್ನು ತೊಳೆಯುವ ವಿಷಯ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಏಕೆಂದರೆ ಅತಿ ಹೆಚ್ಚು ಎಂಜಿನ್ನುಗಳು ಹಾಳಾಗುವುದನ್ನು ನಾನು ಕಂಡದ್ದು ಈ ಹಂತದಲ್ಲೇ.

ಹಳೆಯ ಜೀಪುಗಳ ಬ್ಲಾಕು ಎರಕದ ಕಬ್ಬಿಣದ್ದು. ಅಂಥ ಬ್ಲಾಕನ್ನು ಕಾಸ್ಟಿಕ್ ಸೋಡಾ ಹಾಕಿದ ಬಿಸಿ ನೀರಿನ ತೊಟ್ಟಿಯಲ್ಲಿ ಕುದಿಸುತ್ತಾರೆ. ಜಿಡ್ಡೆಲ್ಲ ಬಿಟ್ಟು ಬ್ಲಾಕು ಬೆಳ್ಳಗಾಗಿ ಬರುತ್ತದೆ. ಕಬ್ಬಿಣಕ್ಕೆ ಅದರಿಂದ ಏನೂ ಆಗುವುದಿಲ್ಲ. ಆದರೆ ಜಿಪ್ಸಿಯ ಈ 1300 ಸಿಸಿ ಎಂಜಿನ್ನಿನ ಹೆಡ್ಡೂ ಅಲ್ಯೂಮಿನಿಯಂ, ಬ್ಲಾಕೂ ಅಲ್ಯೂಮಿನಿಯಂ. ಪಿಸ್ಟನ್ ಓಡಾಡುವ ಒಳಗೋಡೆ ಮಾತ್ರ ಕಬ್ಬಿಣ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತೊಳೆಯುವುದಿಲ್ಲ, ಕರಗಿಸುತ್ತದೆ. ಕರಗುವಾಗ ಗುಳ್ಳೆ ಗುಳ್ಳೆಯಾಗಿ ಜಲಜನಕ ಏಳುತ್ತದೆ. ನೋಡುವವರಿಗೆ ಚೆನ್ನಾಗಿ ಕುದಿಯುತ್ತಿದೆ ಎನಿಸುತ್ತದೆ.

ಒಮ್ಮೆ ನಾನು ಒಂದು ಹೆಡ್ಡನ್ನು ವಾಲ್ವ್ ಕೆಲಸಕ್ಕೆ ಬೇರೊಂದು ಊರಿನ ವರ್ಕ್‌ಶಾಪಿಗೆ ಕಳಿಸಿದ್ದೆ. ತೊಳೆಯಿರಿ ಎಂದು ನಾನು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ. ಅವರು ಕಬ್ಬಿಣದ ಬ್ಲಾಕುಗಳ ಜೊತೆಗೆ ಅದನ್ನೂ ತೊಟ್ಟಿಗೆ ಇಳಿಸಿ ರಾತ್ರಿಯೆಲ್ಲ ಬಿಟ್ಟಿದ್ದರು. ಬೆಳಗ್ಗೆ ನನ್ನ ಕೈಗೆ ಬಂದ ಹೆಡ್ಡು ಕಪ್ಪಾಗಿತ್ತು. ಗ್ಯಾಸ್ಕೆಟ್ ಕೂರುವ ಮುಖದ ತುಂಬ ಸಿಡುಬಿನ ಕಲೆಯಂಥ ಗುಳಿಗಳು. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅಂದಿನಿಂದ ನಾನು ಕಳಿಸುವ ಪ್ರತಿ ಹೆಡ್ಡಿಗೂ "ಅಲ್ಯೂಮಿನಿಯಂ, ಕಾಸ್ಟಿಕ್ ಬೇಡ" ಎಂದು ಬರೆದ ಚೀಟಿ ಕಟ್ಟುತ್ತೇನೆ. ನೀವೂ ಕಟ್ಟಿ. ಮಾತಿಗಿಂತ ಚೀಟಿ ಗಟ್ಟಿ.

ನೀರಿನ ದಾರಿಯ ತುಕ್ಕು ತೆಗೆಯಲು ಶೌಚಾಲಯ ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಅದೂ ಅಲ್ಯೂಮಿನಿಯಂ ಅನ್ನು ಬಿಡುವುದಿಲ್ಲ. ಬಿಸಿನೀರು, ಬಟ್ಟೆ ಒಗೆಯುವ ಸಾದಾ ಸೋಪಿನ ಪುಡಿ, ನೈಲಾನ್ ಬ್ರಶ್ಶು, ತಾಳ್ಮೆ. ಈ ಲೋಹಕ್ಕೆ ಒಪ್ಪುವುದು ಇವೇ.

ಹೆಡ್ಡಿನ ಮುಖಕ್ಕೆ ಅಂಟಿದ ಹಳೆಯ ಗ್ಯಾಸ್ಕೆಟ್ಟನ್ನು ತಂತಿ ಬ್ರಶ್ಶಿನಿಂದಾಗಲಿ, ಗ್ರೈಂಡರಿಗೆ ಹಾಕಿದ ಎಮರಿ ಬಿಲ್ಲೆಯಿಂದಾಗಲಿ ತೆಗೆಯಬೇಡಿ. ಎರಡು ತೊಂದರೆಗಳಿವೆ. ಮುಖ ತಗ್ಗಾಗುತ್ತದೆ. ಈ ಹೆಡ್ಡು ಸೊಟ್ಟಗಿರಬಹುದಾದ ಮಿತಿ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ತಲೆಗೂದಲಿನಷ್ಟೂ ಇಲ್ಲ ಎನ್ನಬಹುದು. ಇನ್ನೊಂದು ತೊಂದರೆ ಎಮರಿಯ ಪುಡಿಯದು. ಅದು ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಉಕ್ಕಿಗಿಂತ ಗಟ್ಟಿ. ಎಣ್ಣೆಯ ದಾರಿಗೆ ಬಿದ್ದರೆ ಬೇರಿಂಗುಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬಲ್ಲದು.

ಇಲ್ಲಿಯವರೆಗೆ ಹೇಳಿದ್ದು: ಮೊದಲು ಕೊಳೆಯನ್ನು ಓದುವುದು, ಆಮೇಲೆ ಲೋಹ ಯಾವುದೆಂದು ತಿಳಿದು ತೊಳೆಯುವುದು. ಈಗ ಹೊಸ ವಿಷಯ. ತೊಳೆದದ್ದು ಸಾಕೇ ಎಂದು ತಿಳಿಯುವುದು ಹೇಗೆ?

ಬೋರಿನ ಗೋಡೆಯನ್ನು ತೆಗೆದುಕೊಳ್ಳಿ. ಮೊದಲು ಅದರ ಮೇಲ್ತುದಿಯಲ್ಲಿ ಉಗುರು ಆಡಿಸಿ. ಉಗುರಿಗೆ ಮೆಟ್ಟಿಲು ತಡೆದರೆ ಬೋರು ಸವೆದಿದೆ, ಅಳತೆ ಮಾಡಿಸಿ ರೀಬೋರ್ ಯೋಚಿಸಬೇಕು. ತಡೆಯದಿದ್ದರೆ, ಅಳತೆಯೂ ಸರಿಯಿದ್ದರೆ, ಹೋನಿಂಗ್ ಸಾಕು. ಹೋನಿಂಗ್ ಕಲ್ಲು ಗೋಡೆಯ ಮೇಲೆ ಚಾಪೆಯ ಹೆಣಿಗೆಯಂತೆ ಅಡ್ಡಡ್ಡ ಸಣ್ಣ ಗೆರೆ ಎಳೆಯುತ್ತದೆ. ಆ ಗೆರೆಗಳಲ್ಲಿ ಎಣ್ಣೆ ನಿಂತು ಹೊಸ ರಿಂಗುಗಳು ಬೋರಿಗೆ ಕೂರುತ್ತವೆ. ಆದರೆ ಅದೇ ಗೆರೆಗಳಲ್ಲಿ ಕಲ್ಲಿನ ಪುಡಿಯೂ ಕೂರುತ್ತದೆ.

ಹೆಚ್ಚಿನ ಗ್ಯಾರೇಜುಗಳಲ್ಲಿ ಇದನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬಿಡುತ್ತಾರೆ. ಸೀಮೆಎಣ್ಣೆ ಜಿಡ್ಡನ್ನು ತೆಗೆಯುತ್ತದೆ, ಪುಡಿಯನ್ನು ಎತ್ತುವುದಿಲ್ಲ. ಪುಡಿ ಗೆರೆಯ ತಳಕ್ಕೆ ಇನ್ನಷ್ಟು ಇಳಿಯುತ್ತದೆ. ಇದಕ್ಕೆ ಬೇಕಾದದ್ದು ಬಿಸಿನೀರು ಮತ್ತು ಸೋಪು. ಎಂಜಿನ್ನಿನೊಳಗೆ ಸೋಪಿನ ನೀರೇ ಎಂದು ನಮ್ಮ ಹುಡುಗರು ಹಿಂಜರಿಯುತ್ತಾರೆ. "ಅಣ್ಣಾ, ತುಕ್ಕು ಹಿಡಿಯಲ್ವಾ?" ಎನ್ನುತ್ತಾರೆ. ಹಿಡಿಯುತ್ತದೆ. ಮಳೆಗಾಲದಲ್ಲಿ ತೊಳೆದ ಕಬ್ಬಿಣ ನೋಡುತ್ತಿದ್ದಂತೆ ಕೆಂಪಾಗುತ್ತದೆ. ಅದಕ್ಕೇ ಎಣ್ಣೆಯ ಡಬ್ಬಿ ಪಕ್ಕದಲ್ಲೇ ಇರಬೇಕು. ಬ್ರಶ್ಶಿನಲ್ಲಿ ಉಜ್ಜಿ, ತೊಳೆದು, ಗಾಳಿ ಹೊಡೆದು, ಒಂದು ಬಿಳಿ ಬಟ್ಟೆಗೆ ಎಂಜಿನ್ ಆಯಿಲ್ ಅದ್ದಿ ಬೋರನ್ನು ಒರೆಸಿ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು, ಮತ್ತೆ ನೀರು. ಗೌಡರ ಎಂಜಿನ್ನಿಗೆ ಐದು ಸಲ ತೊಳೆದೆವು. ಆರನೆಯ ಬಟ್ಟೆ ಬಿಳಿಯಾಗಿ ಬಂತು. ತೊಳೆದದ್ದು ಸಾಕೇ ಎಂಬುದಕ್ಕೆ ಉತ್ತರ ಆ ಬಟ್ಟೆ.

ಎಣ್ಣೆಯ ದಾರಿಗಳಿಗೂ ಇದೇ ನಿಯಮ. ಬ್ಲಾಕಿನೊಳಗೆ, ಕ್ರ್ಯಾಂಕಿನೊಳಗೆ ಪೆನ್ಸಿಲಿಗಿಂತ ಸಣ್ಣ ಸುರಂಗಗಳಿವೆ. ತುದಿಯ ಬಿರಡೆ ಬಿಚ್ಚಿ, ಉದ್ದ ಬ್ರಶ್ಶು ಹಾಕಿ, ಆಚೆಯಿಂದ ಗಾಳಿ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಹೆಡ್ ಬೋಲ್ಟಿನ ಕುರುಡು ತೂತುಗಳಿಗೂ ಗಾಳಿ ಹೊಡೆಯುವುದನ್ನು ಮರೆಯಬೇಡಿ. ಅಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ, ಬೋಲ್ಟು ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲ. ಬ್ಲಾಕೇ ಬಿರಿಯಬಹುದು.

ಓದಿದ್ದಾಯಿತು, ತೊಳೆದದ್ದಾಯಿತು, ಬಟ್ಟೆ ಬಿಳಿಯಾಯಿತು. ಜೋಡಿಸುವ ಕೆಲಸವನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ. ಬೇರಿಂಗಿನ ಕ್ಯಾಪುಗಳನ್ನು ಅದಲು ಬದಲು ಮಾಡಬೇಡಿ. ಯಾವ ಕ್ಯಾಪು ಎಲ್ಲಿತ್ತೋ ಅಲ್ಲಿಗೇ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಟೈಮಿಂಗ್ ಬೆಲ್ಟು, ಅದರ ಟೆನ್ಷನರು, ವಾಟರ್ ಪಂಪು, ಥರ್ಮೋಸ್ಟಾಟ್, ಕ್ರ್ಯಾಂಕಿನ ಹಿಂದೂ ಮುಂದೂ ಇರುವ ಎಣ್ಣೆ ಸೀಲುಗಳು, ಇವನ್ನು ಹೊಸದಾಗಿ ಹಾಕಿ. ಎಂಜಿನ್ ಹೊರಗಿದ್ದಾಗ ಇವು ಕೈಗೆ ಸಿಗುತ್ತವೆ. ಗಾಡಿಗೆ ಕೂರಿಸಿದ ಮೇಲೆ ಒಂದು ಸೀಲಿಗಾಗಿ ಇಡೀ ಗೇರ್‌ಬಾಕ್ಸ್ ಇಳಿಸಬೇಕಾದೀತು. ಸೋರದಂತೆ ಅಂಚಿಗೆ ಅನಬಾಂಡ್ ಅಂಟು ಹಚ್ಚುವಾಗ ತೆಳುವಾದ ಒಂದು ಗೆರೆ ಸಾಕು. ದಪ್ಪಗೆ ಹಚ್ಚಿದರೆ ಒಳಕ್ಕೆ ಉಬ್ಬಿ, ಹರಿದು, ಚೇಂಬರಿನ ಎಣ್ಣೆ ಜಾಲರಿಯನ್ನು ಮುಚ್ಚುತ್ತದೆ. ಇಷ್ಟೆಲ್ಲ ತೊಳೆದು ಕೊನೆಗೆ ನಮ್ಮ ಕೈಯಿಂದಲೇ ಕೊಳೆ ಹಾಕಿದಂತೆ.

ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ಗು ಬಿಚ್ಚಿ, ಕಾಯಿಲಿನದೂ ಇಂಜೆಕ್ಟರಿನದೂ ವೈರು ತೆಗೆದು, ಸ್ಟಾರ್ಟರಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಎಣ್ಣೆ ದೀಪ ಆರುವವರೆಗೆ. ಎಣ್ಣೆ ಎಲ್ಲ ಕಡೆ ತಲುಪಿತು ಎಂದು ಆಗ ತಿಳಿಯುತ್ತದೆ. ಪ್ಲಗ್ಗು ಹಾಕಿ ಚಾವಿ ತಿರುಗಿಸುವುದು ಅದಾದ ಮೇಲೆ.

ಗೌಡರ ಜಿಪ್ಸಿ ಎರಡನೆಯ ಸಲಕ್ಕೆ ಎದ್ದಿತು. ಸುಮಾರು 500 ಕಿಲೋಮೀಟರು ಓಡಿಸಿ ತನ್ನಿ ಎಂದೆ. ತಂದರು. ಎಣ್ಣೆ ಇಳಿಸಿ ಮತ್ತೆ ಬಿಳಿ ಬಟ್ಟೆಯಲ್ಲಿ ಸೋಸಿದೆವು. ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳನ್ನು ಬಿಡಿಸಿ ನೋಡಿದೆವು. ಹೊಸ ರಿಂಗುಗಳು ಕೂರುವಾಗ ಉದುರುವ ಸಣ್ಣ ಪುಡಿ ಒಂದಿಷ್ಟಿತ್ತು, ಅಯಸ್ಕಾಂತಕ್ಕೆ ಅಂಟಿತು. ಬೇರಿಂಗಿನ ಚೂರು ಇರಲಿಲ್ಲ. ನೀರಿನ ಗುರುತು ಇರಲಿಲ್ಲ.

ಕೊನೆಯದಾಗಿ, ಆ ಟ್ರೇಯ ವಿಷಯ. ಒಂದು ಎಂಜಿನ್ನನ್ನು ಸರಿಪಡಿಸುವಷ್ಟರಲ್ಲಿ ಹಳೆಯ ಎಣ್ಣೆ, ಜಿಡ್ಡು ಕರಗಿದ ಡೀಸೆಲ್, ಎಲ್ಲ ಸೇರಿ ಒಂದೆರಡು ಕ್ಯಾನು ತುಂಬುತ್ತದೆ. ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ನಮ್ಮಲ್ಲಿ ಅದನ್ನು ಚರಂಡಿಗೆ ಸುರಿಯುವವರು, ಗೆದ್ದಲಿಗೆಂದು ಬೇಲಿ ಕಂಬದ ಬುಡಕ್ಕೆ ಹಾಕುವವರು ಇನ್ನೂ ಇದ್ದಾರೆ. ಸಕಲೇಶಪುರದ ಮಧ್ಯದಲ್ಲೇ ಹೇಮಾವತಿ ಹರಿಯುತ್ತದೆ. ಊರಿನ ಮೇಲೆ ಬಿದ್ದ ಮಳೆಯ ನೀರು ಅಲ್ಲಿಗೇ ಇಳಿಯುತ್ತದೆ. ಗ್ಯಾರೇಜಿನವರೇ, ಮನೆಯಂಗಳದಲ್ಲಿ ಗಾಡಿ ಬಿಚ್ಚುವ ಗೆಳೆಯರೇ, ಆ ಕ್ಯಾನನ್ನು ಬಿಗಿಯಾಗಿ ಮುಚ್ಚಿಡಿ. ಪರವಾನಗಿ ಇರುವ ಹಳೆಯ ಎಣ್ಣೆ ಸಂಗ್ರಹಿಸುವವರು ಬಂದಾಗ ಅವರ ಕೈಗೇ ಕೊಡಿ.